ಹದಿಮೂರೂವರೆ ರೋಗಿಗಳು

ನಮ್ಮ ವಿಭಾಗದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಜರ್ನಲ್ ಕ್ಲಬ್ ನಡೆಯುತ್ತದೆ. ಪಿಜಿ ವಿದ್ಯಾರ್ಥಿಗಳಲ್ಲಿ ಒಬ್ಬರು ಇತ್ತೀಚೆಗೆ ಪ್ರಕಟವಾದ ಒಂದು ಪೇಪರನ್ನು ಆರಿಸಿಕೊಂಡು ಬಂದು, ಅದರ ವಿಧಾನ, ಫಲಿತಾಂಶ, ತೀರ್ಮಾನಗಳನ್ನು ಎಲ್ಲರ ಮುಂದೆ ಬಿಡಿಸಿಡಬೇಕು. ಉಳಿದವರು ಪ್ರಶ್ನೆ ಕೇಳಬೇಕು. ಊಟದ ನಂತರದ ಹೊತ್ತಾದ್ದರಿಂದ ಪ್ರಶ್ನೆಗಳಿಗಿಂತ ಆಕಳಿಕೆಗಳೇ ಹೆಚ್ಚು. ಮೂರು ವರ್ಷಗಳ ಹಿಂದೆ ಅಂಥದೇ ಒಂದು ಗುರುವಾರ, ಹಾಸನದ ಕಡೆಯಿಂದ ಬಂದಿದ್ದ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಂಡಿನೋವಿನ ಚಿಕಿತ್ಸೆಯ ಕುರಿತ ಪೇಪರೊಂದನ್ನು ಪರದೆಯ ಮೇಲೆ ಹಾಕಿದಳು. ಅದರ ಶೀರ್ಷಿಕೆ ಕಂಡೊಡನೆ ನನ್ನ ಆಕಳಿಕೆ ಅಲ್ಲಿಗೇ ನಿಂತಿತು.

ಅರವತ್ತು ರೋಗಿಗಳನ್ನು ಮೂವತ್ತು ಮೂವತ್ತರಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಹೊಸದೊಂದು ವ್ಯಾಯಾಮಕ್ರಮವನ್ನೂ ಕೊಟ್ಟು, ಆರು ವಾರಗಳ ನಂತರ ಎಷ್ಟು ಮಂದಿಗೆ ನೋವು ಇಳಿದಿದೆ ಎಂದು ನೋಡಿದ ಅಧ್ಯಯನ ಅದು. ಉತ್ತರ ಮೂರನೆಯ ಟೇಬಲ್ಲಿನಲ್ಲಿತ್ತು: ವ್ಯಾಯಾಮದ ಗುಂಪಿನಲ್ಲಿ ಶೇ. 73.3, ವಾಡಿಕೆಯ ಗುಂಪಿನಲ್ಲಿ ಶೇ. 45.0. ಆಕೆ ಮಾರ್ಕರ್ ಹಿಡಿದು ಬಿಳಿ ಹಲಗೆಯ ಮೇಲೆ ಲೆಕ್ಕ ಬರೆಯತೊಡಗಿದಳು. ಮೂವತ್ತರಲ್ಲಿ ಇಪ್ಪತ್ತೆರಡು ಮಂದಿಯಾದರೆ ಶೇ. 73.3, ಅದು ಸರಿ. ಮೂವತ್ತರಲ್ಲಿ ಹದಿಮೂರಾದರೆ 43.3, ಹದಿನಾಲ್ಕಾದರೆ 46.7. ನಲವತ್ತೈದೇ ಬರಬೇಕೆಂದರೆ ಹದಿಮೂರೂವರೆ ಮಂದಿ ಬೇಕು. "ಸರ್, ಈ ಅರ್ಧ ರೋಗಿ ಎಲ್ಲಿಂದ ಬಂದ?" ಎಂದು ಕೇಳಿದಳು. ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ.

ನಕ್ಕೆನಾದರೂ ಕಿವಿ ಬಿಸಿಯಾಗಿತ್ತು. ಆ ಪೇಪರು ಅಚ್ಚಿಗೆ ಹೋಗುವ ಮುನ್ನ ಅದನ್ನು ಓದಿ, ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಸ್ವೀಕರಿಸಬಹುದು ಎಂದು ಬರೆದುಕೊಟ್ಟಿದ್ದ ಇಬ್ಬರು ರಿವ್ಯೂವರುಗಳಲ್ಲಿ ನಾನೊಬ್ಬ. ರಿವ್ಯೂವರುಗಳ ಹೆಸರು ಗುಟ್ಟಾಗಿರುತ್ತದೆಯಾದ್ದರಿಂದ ಕೋಣೆಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ನಾನು ಪಾಠ ಹೇಳುವುದು ಬಯೋಸ್ಟಾಟಿಸ್ಟಿಕ್ಸ್, ಅಂದರೆ ವೈದ್ಯಕೀಯ ಸಂಖ್ಯಾಶಾಸ್ತ್ರ, ಎಂಬುದನ್ನು ಇಲ್ಲಿ ಸೇರಿಸದಿದ್ದರೆ ಅಪ್ರಾಮಾಣಿಕತೆಯಾದೀತು. ಆ ರಾತ್ರಿ ಮನೆಗೆ ಬಂದು ನನ್ನ ಹಳೆಯ ರಿವ್ಯೂ ವರದಿಯನ್ನು ತೆರೆದು ನೋಡಿದೆ. ಒಟ್ಟು ಹತ್ತೊಂಬತ್ತು ಟಿಪ್ಪಣಿಗಳು. ಹನ್ನೊಂದು ಟಿಪ್ಪಣಿಗಳು ಇಂಗ್ಲಿಷ್ ವ್ಯಾಕರಣ, ವಿರಾಮಚಿಹ್ನೆ ಮತ್ತು ಉಲ್ಲೇಖಗಳ ಕ್ರಮಕ್ಕೆ ಸಂಬಂಧಿಸಿದವು. ಒಂದು, ವಿಷಯದ ಪ್ರಸ್ತುತತೆಯನ್ನು ಹೊಗಳುವಂಥದ್ದು. ಮೂರನೆಯ ಟೇಬಲ್ಲಿನ ಬಗ್ಗೆ ಒಂದಕ್ಷರವಿಲ್ಲ.

ಹೀಗೆ ಅಚ್ಚಿಗೆ ಮುನ್ನ ಪೇಪರನ್ನು ಅದೇ ಕ್ಷೇತ್ರದ ಪರಿಣತರಿಂದ ಓದಿಸುವ ಪೀರ್ ರಿವ್ಯೂ ಎಂಬುದಕ್ಕೆ ಕನ್ನಡದಲ್ಲಿ ಸಹವಿಮರ್ಶೆ ಎನ್ನುವವರಿದ್ದಾರೆ, ಸಮಾನಸ್ಕಂಧರ ಪರಿಶೀಲನೆ ಎನ್ನುವವರೂ ಇದ್ದಾರೆ. ಯಾವುದೂ ವೈದ್ಯರ ಬಾಯಲ್ಲಿ ನಿಂತಿಲ್ಲ. ನಮ್ಮ ಕಾರಿಡಾರುಗಳಲ್ಲಿ ಕೇಳುವುದು "ಪೇಪರ್ ರಿವ್ಯೂಗೆ ಹೋಗಿದೆ", "ಮೇಜರ್ ರಿವಿಜನ್ ಬಂತು", "ಎರಡನೇ ರಿವ್ಯೂವರ್ ಪ್ರಾಣ ತಿಂತಿದ್ದಾನೆ" ಎಂಬ ಮಾತುಗಳೇ. ಆದರೆ ಈ ಕೆಲಸದ ಸಾರವನ್ನು ಹೇಳುವ ಒಂದು ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ: ತಾಳೆ ನೋಡುವುದು. ಅಂಗಡಿಯ ಲೆಕ್ಕವನ್ನು ಚೀಟಿಯೊಂದಿಗೆ, ನಕಲನ್ನು ಮೂಲದೊಂದಿಗೆ ಪಕ್ಕಪಕ್ಕ ಇಟ್ಟು ಹೊಂದುತ್ತದೆಯೇ ಎಂದು ನೋಡುವುದು. ಪೀರ್ ರಿವ್ಯೂ ಎಂದರೆ ಪರಿಣತನೊಬ್ಬ ಹೀಗೆ ತಾಳೆ ನೋಡಿದ್ದಾನೆ ಎಂದೇ ಹೊರಗಿನ ಓದುಗರು ನಂಬಿರುತ್ತಾರೆ. ರಿವ್ಯೂವರನ ಮುಂದಿರುವುದು ಮಾತ್ರ ಬರೀ ನಕಲು; ಮೂಲವನ್ನು ಅವನಿಗೆ ಯಾರೂ ತೋರಿಸಿರುವುದಿಲ್ಲ.

ಈ ಪದ್ಧತಿ ಅನಾದಿಯಿಂದ ಬಂದದ್ದು ಎಂಬ ಭಾವನೆಯೂ ವ್ಯಾಪಕವಾಗಿದೆ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ 1665ರಲ್ಲಿ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಆರಂಭಿಸಿದಾಗ ಈಗಿನ ಅರ್ಥದ ರಿವ್ಯೂವರುಗಳು ಇರಲಿಲ್ಲ. ಹೊರಗಿನ ಪರಿಣತರಿಗೆ ಕಳಿಸಿ ಅಭಿಪ್ರಾಯ ತರಿಸುವುದು ವೈದ್ಯಕೀಯ ಪತ್ರಿಕೆಗಳಲ್ಲಿ ಸಾರ್ವತ್ರಿಕವಾದದ್ದು ಎರಡನೆಯ ಮಹಾಯುದ್ಧದ ನಂತರ. ನೇಚರ್‌ನಂಥ ಪತ್ರಿಕೆಯೇ ಅದನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. ನನಗಿಂತ ಬಹಳ ಹಿರಿದಲ್ಲದ ವ್ಯವಸ್ಥೆಯಿದು.

ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಪ್ರತಿಯೊಂದು ಮಾತ್ರೆಗೂ ಪುರಾವೆ ಕೇಳುವ ವೈದ್ಯವಿಜ್ಞಾನ ತನ್ನ ಈ ಜರಡಿಗೆ ಪುರಾವೆ ಕೇಳಲು ಬಹಳ ಕಾಲ ತೆಗೆದುಕೊಂಡದ್ದು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಾದ ಜಾಮಾದಲ್ಲಿ ಉಪಸಂಪಾದಕರಾಗಿದ್ದ ಡ್ರಮಂಡ್ ರೆನ್ನಿ 1986ರಲ್ಲಿ ಇದನ್ನೇ ಎತ್ತಿ ಆಡಿದರು: ಎಷ್ಟೇ ಚೂರುಚೂರಾದ ಅಧ್ಯಯನವಾಗಲಿ, ಎಷ್ಟೇ ಕ್ಷುಲ್ಲಕ ಊಹೆಯಾಗಲಿ, ಕೊನೆಗೆ ಎಲ್ಲೋ ಒಂದು ಕಡೆ ಅಚ್ಚಾಗಿಯೇ ತೀರುತ್ತದೆ ಎಂಬುದು ಅವರ ದೂರು. ಪೀರ್ ರಿವ್ಯೂವನ್ನೇ ಸಂಶೋಧನೆಯ ವಸ್ತುವಾಗಿಸಿಕೊಂಡ ಮೊದಲ ಸಮ್ಮೇಳನ 1989ರಲ್ಲಿ ಶಿಕಾಗೋದಲ್ಲಿ ಸೇರಿತು. ಅಲ್ಲಿಂದೀಚೆಗೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ನಡೆದುಕೊಂಡು ಬಂದಿದೆ. ಹೀಗೊಂದು ಸಂಶೋಧನಾ ಶಾಖೆಯಿದೆ ಎಂಬುದೇ ನಮ್ಮ ಬಹುಪಾಲು ಅಧ್ಯಾಪಕರಿಗೆ ತಿಳಿದಿಲ್ಲ. ಅರ್ಧ ರೋಗಿಯ ಪ್ರಸಂಗಕ್ಕೆ ಮುನ್ನ ನಾನೂ ಅದನ್ನು ಕುಳಿತು ಓದಿದವನಲ್ಲ.

ಆ ವಾರ ಓದಿದೆ. ನನ್ನ ಮನಸ್ಸನ್ನು ಹಿಡಿದದ್ದು 1998ರಲ್ಲಿ ಫಿಯೋನಾ ಗಾಡ್ಲೀ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿದ್ದುಕೊಂಡು ಮಾಡಿದ ಪ್ರಯೋಗ. ಪ್ರಕಟಣೆಗೆ ಒಪ್ಪಿಗೆಯಾಗಿದ್ದ ಒಂದು ಪೇಪರನ್ನು ಲೇಖಕರ ಸಮ್ಮತಿಯೊಂದಿಗೆ ತೆಗೆದುಕೊಂಡು, ಅದರೊಳಗೆ ವಿಧಾನ, ವಿಶ್ಲೇಷಣೆ ಮತ್ತು ನಿರೂಪಣೆಗೆ ಸಂಬಂಧಿಸಿದ ಎಂಟು ದೋಷಗಳನ್ನು ಬೇಕೆಂದೇ ತುಂಬಿದರು. ಅದನ್ನು ಪತ್ರಿಕೆಯ 420 ರಿವ್ಯೂವರುಗಳಿಗೆ ಕಳಿಸಿದರು. ವರದಿ ಬರೆದು ಕಳಿಸಿದವರು 221 ಮಂದಿ. ಎಂಟರಲ್ಲಿ ಒಬ್ಬೊಬ್ಬರು ಸರಾಸರಿ ಹಿಡಿದದ್ದು ಎರಡು ದೋಷ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಹಿಡಿದವರು ನೂರಕ್ಕೆ ಹತ್ತು ಮಂದಿ. ಒಂದನ್ನೂ ಹಿಡಿಯದವರು ನೂರಕ್ಕೆ ಹದಿನಾರು ಮಂದಿ. ಇವರು ಬೀದಿಯಲ್ಲಿ ಸಿಕ್ಕವರಲ್ಲ. ಜಗತ್ತಿನ ಅತ್ಯುತ್ತಮ ವೈದ್ಯಕೀಯ ಪತ್ರಿಕೆಗಳಲ್ಲಿ ಒಂದು ತಾನೇ ಆರಿಸಿಟ್ಟುಕೊಂಡಿದ್ದ ಪಟ್ಟಿಯವರು.

ಅದೇ ವರ್ಷ ತುರ್ತುಚಿಕಿತ್ಸಾ ವೈದ್ಯರ ಪತ್ರಿಕೆಯೊಂದರಲ್ಲಿ ಬ್ಯಾಕ್ಸ್ಟ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರೆತಲೆನೋವಿಗೆ ಪ್ರೊಪ್ರನಲಾಲ್ ಕೊಟ್ಟ ಕಾಲ್ಪನಿಕ ಪ್ರಯೋಗವೊಂದರ ಪೇಪರನ್ನೇ ಕಟ್ಟಿ, ಹತ್ತು ದೊಡ್ಡ ಮತ್ತು ಹದಿಮೂರು ಸಣ್ಣ ತಪ್ಪುಗಳನ್ನು ಅದರಲ್ಲಿ ನೆಟ್ಟರು. ಓದಿದ 203 ರಿವ್ಯೂವರುಗಳಲ್ಲಿ ಶೇ. 68 ಮಂದಿಗೆ ತೀರ್ಮಾನವನ್ನು ಫಲಿತಾಂಶಗಳು ಸಮರ್ಥಿಸುವುದಿಲ್ಲ ಎಂಬುದೇ ಹೊಳೆಯಲಿಲ್ಲ. ತರಬೇತಿ ಕೊಟ್ಟರೆ ಸರಿಹೋದೀತೇ? ಸಾರಾ ಶ್ರೋಟರ್ ಮತ್ತು ಸಂಗಡಿಗರು 607 ರಿವ್ಯೂವರುಗಳ ಮೇಲೆ ಅದನ್ನೂ ಪರೀಕ್ಷಿಸಿ ನೋಡಿದರು. ಒಂಬತ್ತು ದೊಡ್ಡ ತಪ್ಪುಗಳಲ್ಲಿ ಸರಾಸರಿ ಮೂರರಷ್ಟೂ ಸಿಗಲಿಲ್ಲವೆನ್ನಬಹುದು, ತರಬೇತಿಯಿಂದ ಆದ ವ್ಯತ್ಯಾಸವೂ ತೀರ ಅತ್ಯಲ್ಪ. ರಿವ್ಯೂವರನ ಹೆಸರನ್ನು ಲೇಖಕರಿಗೆ ತಿಳಿಸಿದರೆ ಜವಾಬ್ದಾರಿ ಹೆಚ್ಚೀತೇ ಎಂಬ ಪ್ರಶ್ನೆಗೆ 1999ರಲ್ಲಿ ಬಂದ ಉತ್ತರ, ವರದಿಯ ಗುಣಮಟ್ಟ ಏರುವುದಿಲ್ಲ, ಆದರೆ "ನನ್ನಿಂದಾಗದು" ಎನ್ನುವವರ ಸಂಖ್ಯೆ ಏರುತ್ತದೆ ಎಂಬುದಾಗಿತ್ತು. ಇಂಥ 28 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವೈದ್ಯಕೀಯ ಪುರಾವೆಗಳನ್ನು ಕೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ ಪರಾಮರ್ಶೆ 2007ರಲ್ಲಿ ಹೇಳಿದ್ದು, ಪೀರ್ ರಿವ್ಯೂದಿಂದ ಜೈವಿಕ ವೈದ್ಯಕೀಯ ಸಂಶೋಧನೆಯ ಗುಣಮಟ್ಟ ಕಾಯಲ್ಪಡುತ್ತದೆ ಎಂಬುದಕ್ಕೆ ಪ್ರಾಯೋಗಿಕ ಪುರಾವೆ ಬಹಳ ಕಡಿಮೆ ಎಂದು. ಪುರಾವೆ ಇಲ್ಲವೆಂದರೆ ಉಪಯೋಗವೇ ಇಲ್ಲವೆಂದು ಅರ್ಥವಲ್ಲ, ಅದನ್ನು ಅವರೂ ಹೇಳಿದ್ದಾರೆ. ಆದರೆ ಯಾವುದೋ ಒಂದು ಮಾತ್ರೆಯ ಬಗ್ಗೆ ಇಷ್ಟೇ ಪುರಾವೆ ಇದ್ದಿದ್ದರೆ ನಾವು ಅದನ್ನು ಬರೆದುಕೊಡುತ್ತಿದ್ದೆವೇ?

ಇದನ್ನೆಲ್ಲ ಓದಿದಾಗ ಮೊದಲು ಆದದ್ದು ಸಮಾಧಾನ. ನನ್ನಂಥವರೇ ಎಲ್ಲೆಡೆ ಇದ್ದಾರೆ, ಎಂಟರಲ್ಲಿ ಎರಡು ಹಿಡಿದರೆ ನಾನೂ ಸರಾಸರಿ ಮನುಷ್ಯ. ಹಿಂದೆಯೇ ಆ ಸಮಾಧಾನದ ಬಗ್ಗೆಯೇ ನಾಚಿಕೆಯಾಯಿತು.

ಮುಂದಿನ ಗುರುವಾರ ಜರ್ನಲ್ ಕ್ಲಬ್ಬಿನಲ್ಲಿ, ಆ ರಿವ್ಯೂವರುಗಳಲ್ಲಿ ಒಬ್ಬ ನಾನೇ ಎಂದು ಹೇಳಿಬಿಟ್ಟೆ. ರಿವ್ಯೂವರ್ ತನ್ನ ಗುರುತನ್ನು ತಾನೇ ಬಿಟ್ಟುಕೊಡುವುದು ಈ ಕಸುಬಿನ ರೂಢಿಯಲ್ಲ, ಸಂಪಾದಕರಿಗೆ ಇಷ್ಟವಾಗುವ ಸಂಗತಿಯೂ ಅಲ್ಲ. ಆದರೆ ನಕ್ಕು ಸುಮ್ಮನಿದ್ದದ್ದು ಒಂದು ವಾರವಿಡೀ ಕೊರೆದಿತ್ತು. ಕೋಣೆ ಸ್ತಬ್ಧವಾಯಿತು. ಆ ಹುಡುಗಿ ಮಾತ್ರ ತೀರ ಸಹಜವಾಗಿ, "ನೀವು ಎಷ್ಟು ಹೊತ್ತು ಓದಿದ್ರಿ ಸರ್?" ಎಂದು ಕೇಳಿದಳು. ಎರಡೂವರೆ ಗಂಟೆಯಾದರೂ ಆಗಿರಬೇಕು ಎಂದೆ. "ನನಗೆ ಎರಡು ನಿಮಿಷದಲ್ಲಿ ಸಿಕ್ತು. ಆದ್ರೆ ಸರ್, ನಾನು ಆ ಟೇಬಲ್ ಬಿಟ್ಟು ಬೇರೇನೂ ಓದಿರ್ಲಿಲ್ಲ. ಹಿಂದಿನ ರಾತ್ರಿ ಡ್ಯೂಟಿ ಇತ್ತು" ಎಂದಳು.

ಈ ಮಾತನ್ನು ನಾನು ಬಹಳ ದಿನ ಮೆಲುಕು ಹಾಕಿದ್ದೇನೆ. ನಾವು ಪೇಪರನ್ನು ಓದುವುದು ಕಥೆಯನ್ನು ಓದಿದ ಹಾಗೆ. ಮಂಡಿನೋವು ಎಷ್ಟು ಜನರನ್ನು ಕಾಡುತ್ತದೆ ಎಂಬ ಪೀಠಿಕೆ, ಹಿಂದಿನ ಅಧ್ಯಯನಗಳು ಬಿಟ್ಟ ಕೊರತೆ, ಆ ಕೊರತೆಯನ್ನು ತುಂಬಲು ಹೊರಟ ಲೇಖಕರು, ಕೊನೆಗೆ ವ್ಯಾಯಾಮದ ಗೆಲುವು. ಟೇಬಲ್ಲಿನ ಹೊತ್ತಿಗೆ ಗೆಲ್ಲುವವರು ಯಾರೆಂದು ನಮಗೆ ತಿಳಿದಿರುತ್ತದೆ. ಕಣ್ಣು ಅಂಕಿಗಳ ಮೇಲೆ ಹಾಯುತ್ತದೆ, ತಿಳಿದದ್ದನ್ನೇ ಅವುಗಳಲ್ಲಿ ಕಾಣುತ್ತದೆ. ಮಧ್ಯೆ ಒಂದು ಕೆಟ್ಟ ವಾಕ್ಯ ಸಿಕ್ಕರೆ ಅದನ್ನು ತಿದ್ದುತ್ತೇವೆ, ಏಕೆಂದರೆ ಕೆಟ್ಟ ವಾಕ್ಯ ತಾನಾಗಿ ಕಣ್ಣಿಗೆ ಚುಚ್ಚುತ್ತದೆ, ಕೆಟ್ಟ ಅಂಕಿ ಚುಚ್ಚುವುದಿಲ್ಲ. ಅವಳಿಗೆ ನಿದ್ದೆಗೆಟ್ಟ ಕಾರಣಕ್ಕೆ ಕಥೆ ಗೊತ್ತಿರಲಿಲ್ಲ. ಅಂಕಿಗಳನ್ನು ಅಂಕಿಗಳಾಗಿಯೇ ನೋಡಿದಳು. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಎಂಬಿಬ್ಬರು ಇದೇ ಜಾತಿಯ ಲೆಕ್ಕಕ್ಕೆ ಗ್ರಿಮ್ ಪರೀಕ್ಷೆ ಎಂದು ಹೆಸರಿಟ್ಟು ಮನಃಶಾಸ್ತ್ರದ ಪೇಪರುಗಳ ಮೇಲೆ ಪ್ರಯೋಗಿಸಿದ್ದಾರೆಂದು ಆಮೇಲೆ ತಿಳಿಯಿತು: ಪೂರ್ಣಸಂಖ್ಯೆಗಳ ಸರಾಸರಿ ಇಂತಿಷ್ಟು ಜನರಿಂದ ಬರಲು ಸಾಧ್ಯವೇ ಎಂಬ ಒಂದೇ ಪ್ರಶ್ನೆ. ಪರೀಕ್ಷೆಗೆ ಒಳಪಡಬಲ್ಲ 71 ಪೇಪರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅವರಿಗೆ ಬರಲಾರದ ಸಂಖ್ಯೆ ಕನಿಷ್ಠ ಒಂದಾದರೂ ಸಿಕ್ಕಿತು. ಎಲ್ಲವೂ ಪೀರ್ ರಿವ್ಯೂ ದಾಟಿ ಬಂದವೇ.

ತಪ್ಪನ್ನು ಹಿಡಿಯುವುದೇ ಇಷ್ಟು ಕಷ್ಟವಾದರೆ ವಂಚನೆಯನ್ನು ಹಿಡಿಯುವ ಮಾತು ದೂರವೇ ಉಳಿಯಿತು. ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ಆಂಡ್ರ್ಯೂ ವೇಕ್‌ಫೀಲ್ಡ್‌ನ ಪೇಪರು 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಾಗ ಅದರಲ್ಲಿದ್ದದ್ದು ಹನ್ನೆರಡು ಮಕ್ಕಳು. ಬ್ರಯನ್ ಡೀರ್ ಎಂಬ ಪತ್ರಕರ್ತ ಆ ಮಕ್ಕಳ ದಾಖಲೆಗಳೊಂದಿಗೆ ಪೇಪರನ್ನು ತಾಳೆ ನೋಡಿದ ಮೇಲೆಯೇ ಅದರ ಬಣ್ಣ ಬಯಲಾದದ್ದು; ಪತ್ರಿಕೆ ಅದನ್ನು ಹಿಂತೆಗೆದುಕೊಂಡದ್ದು 2010ರಲ್ಲಿ. ಹನ್ನೆರಡು ವರ್ಷ ಅದು ಪೀರ್ ರಿವ್ಯೂ ಆದ ಪೇಪರಾಗಿಯೇ ಬಾಳಿತು.

ಸರ್ಜಿಸ್ಫಿಯರ್ ಎಂಬ ದತ್ತಾಂಶ ಕಂಪನಿಯ ಪ್ರಕರಣ ಮಾತ್ರ ನಮ್ಮ ಅಂಗಳದಲ್ಲೇ ನಡೆದಷ್ಟು ಹತ್ತಿರದ್ದು. 2020ರ ಮಾರ್ಚ್ ಕೊನೆಯ ವಾರದಿಂದ ಐಸಿಎಂಆರ್ ಸಲಹೆಯಂತೆ ನಮ್ಮ ಆಸ್ಪತ್ರೆಯ ಸಿಬ್ಬಂದಿ ಕೋವಿಡ್ ಬಾರದಿರಲೆಂದು ಹೈಡ್ರಾಕ್ಸಿಕ್ಲೋರೊಕ್ವಿನ್ ನುಂಗುತ್ತಿದ್ದರು: ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ಏಳು ವಾರ ವಾರಕ್ಕೊಂದು ಸಲ. ಮೇ 22ರಂದು ಲ್ಯಾನ್ಸೆಟ್‌ನಲ್ಲಿ, ಆ ಕಂಪನಿ ಕೊಟ್ಟ, 671 ಆಸ್ಪತ್ರೆಗಳ 96,032 ರೋಗಿಗಳ ದತ್ತಾಂಶವೆಂದು ಹೇಳಿಕೊಂಡು, ಈ ಔಷಧಿಯಿಂದ ಕೋವಿಡ್ ರೋಗಿಗಳಲ್ಲಿ ಸಾವು ಹೆಚ್ಚುತ್ತದೆ ಎಂಬ ಪೇಪರು ಬಂತು. ಆ ವಾರಾಂತ್ಯ ನನ್ನ ಫೋನು ಸುಮ್ಮನಾಗಲೇ ಇಲ್ಲ. ನರ್ಸುಗಳಿಂದ ಹಿಡಿದು ಮೆಡಿಕಲ್ ಸೂಪರಿಂಟೆಂಡೆಂಟರವರೆಗೆ ಎಲ್ಲರದೂ ಒಂದೇ ಪ್ರಶ್ನೆ, ನಿಲ್ಲಿಸಬೇಕೇ ಬೇಡವೇ. "ಲ್ಯಾನ್ಸೆಟ್‌ನಲ್ಲಿ ಬಂದಿದೆ" ಎಂದು ನಾನೂ ಹೇಳಿದೆ, ಆ ಹೆಸರೇ ಒಂದು ಪುರಾವೆಯೆಂಬಂತೆ. ವಿಶ್ವ ಆರೋಗ್ಯ ಸಂಸ್ಥೆ ತಾನು ನಡೆಸುತ್ತಿದ್ದ ಕೋವಿಡ್ ಚಿಕಿತ್ಸೆಯ ಪ್ರಯೋಗದಲ್ಲಿ ಈ ಔಷಧಿಯ ವಿಭಾಗವನ್ನು ಕೆಲಕಾಲ ತಡೆಹಿಡಿಯಿತು. ಪೇಪರು ಕುಸಿಯಲು ಆರಂಭವಾದದ್ದು ಒಂದು ಕೂಡುವ ಲೆಕ್ಕದಿಂದ: ಏಪ್ರಿಲ್ 21ರ ಹೊತ್ತಿಗೆ ಆಸ್ಟ್ರೇಲಿಯಾದ ಐದು ಆಸ್ಪತ್ರೆಗಳಲ್ಲೇ 73 ಸಾವುಗಳಾಗಿದ್ದವೆಂದು ಅದರಲ್ಲಿತ್ತು; ಆ ದಿನಕ್ಕೆ ಇಡೀ ದೇಶದಲ್ಲಿ ದಾಖಲಾಗಿದ್ದ ಕೋವಿಡ್ ಸಾವುಗಳು 67. ಜೂನ್ 4ರಂದು, ಅಂದರೆ ಹದಿಮೂರನೆಯ ದಿನ, ಪೇಪರನ್ನು ಹಿಂತೆಗೆದುಕೊಳ್ಳಲಾಯಿತು. ಆ ಔಷಧಿಯಿಂದ ಕೋವಿಡ್‌ಗೆ ಪ್ರಯೋಜನವಿಲ್ಲವೆಂಬುದು ಬೇರೆ, ಸರಿಯಾದ ಪ್ರಯೋಗಗಳಿಂದ ಆಮೇಲೆ ತಿಳಿಯಿತು ಎನ್ನುವುದು ಈ ಪೇಪರಿನ ತಪ್ಪನ್ನು ತೊಳೆಯುವುದಿಲ್ಲ. ಅರ್ಧ ರೋಗಿಯಂತೆಯೇ ಇಲ್ಲೂ ಬೇಕಾಗಿದ್ದದ್ದು ಹೈಸ್ಕೂಲಿನ ಗಣಿತ ಮತ್ತು ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಕಾಗದ.

ನಮ್ಮ ಕಡೆಯ ಕಥೆಗೆ ಇನ್ನೊಂದು ಬಗೆಯ ದುಃಖವಿದೆ. ಎಂಸಿಐ, ಅಂದರೆ ಹಿಂದಿನ ಭಾರತೀಯ ವೈದ್ಯಕೀಯ ಪರಿಷತ್ತಿನ, ಕಾಲದ ನಿಯಮದಂತೆ, ಪಿಜಿ ವಿದ್ಯಾರ್ಥಿ ಪರೀಕ್ಷೆಗೆ ಕೂರಬೇಕಾದರೆ ಒಂದು ಪೋಸ್ಟರ್, ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡನೆ, ಮತ್ತು ಪ್ರಕಟವಾದ, ಒಪ್ಪಿಗೆಯಾದ ಇಲ್ಲವೇ ಕನಿಷ್ಠ ಕಳಿಸಲಾದ ಒಂದು ಪೇಪರ್ ಇರಬೇಕಾಗಿತ್ತು. ಅಧ್ಯಾಪಕರ ಬಡ್ತಿಗೂ ಪೇಪರುಗಳ ಲೆಕ್ಕ ಬಂತು. 2015ರಲ್ಲಿ ಮೊದಲ ಎರಡು ಹೆಸರುಗಳಿಗೆ ಮಾತ್ರ ಬೆಲೆ ಎಂದದ್ದರಿಂದ ಯಾರ ಹೆಸರು ಮೊದಲು ಎಂಬ ಜಗಳ ವಿಭಾಗಗಳ ಒಳಗೆ ಹೊಸದಾಗಿ ಹುಟ್ಟಿತು. ದೇಶದಲ್ಲೇ ಅತಿ ಹೆಚ್ಚು ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೊಂದು. ಇಷ್ಟೊಂದು ಮಂದಿ ಪ್ರತಿ ವರ್ಷ ಬರೆಯಲೇಬೇಕಾದರೆ, ಅದನ್ನೆಲ್ಲ ಓದಿ ತೂಗುವವರು ಎಲ್ಲಿಂದ ಬರಬೇಕು? ಜಗತ್ತಿನಾದ್ಯಂತ ರಿವ್ಯೂವರುಗಳು 2020ರಲ್ಲಿ ವ್ಯಯಿಸಿದ ಹೊತ್ತು ಹತ್ತು ಕೋಟಿ ಗಂಟೆಗಳಿಗೂ ಹೆಚ್ಚು ಎಂದು ಒಂದು ಅಂದಾಜು ಹೇಳುತ್ತದೆ. ಬಹುಪಾಲು ಬಿಟ್ಟಿ ದುಡಿಮೆ, ರಾತ್ರಿ ಊಟವಾದ ಮೇಲಿನದ್ದು, ಭಾನುವಾರದ್ದು.

ಈ ಬಿರುಕಿನಲ್ಲಿ ವ್ಯಾಪಾರ ಬೇರುಬಿಟ್ಟಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಸೈನ್ಸ್ ಪತ್ರಿಕೆಗಾಗಿ, ಕಲ್ಲುಹೂವಿನಿಂದ ತೆಗೆದ ಕ್ಯಾನ್ಸರ್ ಮದ್ದೆಂದು ಸುಳ್ಳು ಪೇಪರೊಂದನ್ನು ಸೃಷ್ಟಿಸಿ ಲೇಖಕರಿಂದ ಶುಲ್ಕ ಪಡೆದು ಓದುಗರಿಗೆ ಬಿಟ್ಟಿಯಾಗಿ ಕೊಡುವ 304 ಮುಕ್ತ ಪ್ರಕಟಣೆಯ ಜರ್ನಲ್‌ಗಳಿಗೆ ಕಳಿಸಿದಾಗ 157 ಜರ್ನಲ್‌ಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಅವನು ಗುರಿಯಿಟ್ಟ ಜರ್ನಲ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗದ ನೆಲೆ ಭಾರತ. ಬೆಂಗಳೂರಿನ ಸದಾಶಿವನಗರದಲ್ಲಿ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. 1932ರಿಂದ ಕರೆಂಟ್ ಸೈನ್ಸ್ ಹೊರಡುತ್ತಿರುವ ಊರು ಇದು. ಹಣ ಕೇಳದೆ, ಸದ್ದಿಲ್ಲದೆ, ಪೇಪರುಗಳನ್ನು ಓದಿಸಿ ಅಚ್ಚು ಹಾಕುವ ಪರಂಪರೆ ಇಲ್ಲಿ ಇತ್ತು, ಇದೆ. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮ ಬಡ್ತಿ ಸಮಿತಿಗಳು ಅದರ ಕಡೆ ನೋಡದೆ, 'ಇಂಟರ್‌ನ್ಯಾಷನಲ್' ಎಂಬ ಶಬ್ದ ಹೆಸರಿನಲ್ಲಿದ್ದ ಮಾತ್ರಕ್ಕೆ ಎರಡು ಕೋಣೆಯ ಜರ್ನಲ್‌ಗಳಿಗೆ ಮಣೆ ಹಾಕಿದವು. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಒಂದೇ ಸಲ ಕಿತ್ತುಹಾಕಿತು. ಆಮೇಲೆ ಕೇರ್ ಎಂಬ ಹೊಸ ಪಟ್ಟಿ ಮಾಡಿತು. 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟಿತು. ಪಟ್ಟಿ ಬರುತ್ತದೆ, ಹೋಗುತ್ತದೆ. ನನ್ನ ವಾಟ್ಸಾಪಿಗೆ ಮಾತ್ರ ಪ್ರತಿ ವಾರವೂ ತಪ್ಪದೆ ಬರುವುದು ಬೇರೆ ಪಟ್ಟಿ: ಒಪ್ಪಿಗೆಯಾಗಿರುವ ಪೇಪರಿನ ವಿಷಯ, ಖಾಲಿ ಇರುವ ಲೇಖಕರ ಸ್ಥಾನಗಳು, ಮೊದಲ ಹೆಸರಿಗೆ ಇಷ್ಟು, ಮೂರನೆಯದಕ್ಕೆ ಇಷ್ಟು. ಕೆಎಸ್ಸಾರ್ಟಿಸಿ ಸೀಟು ಕಾದಿರಿಸಿದ ಹಾಗೆ.

ಇದು ನಮ್ಮವರ ಪಾಪ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ವೈಲಿಯಂಥ ಹಳೆಯ, ದೊಡ್ಡ ಪ್ರಕಾಶನದ ಒಡೆತನದಲ್ಲಿದ್ದ ಹಿಂದಾವಿಯ ಜರ್ನಲ್‌ಗಳು 2023 ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪೇಪರುಗಳನ್ನು ಹಿಂತೆಗೆದುಕೊಂಡವು. ವಿಶೇಷ ಸಂಚಿಕೆಗಳಿಗೆ ಅತಿಥಿ ಸಂಪಾದಕರಾಗಿ ಬಂದವರಲ್ಲಿ ಕೆಲವರೇ, ಸುಳ್ಳು ಪೇಪರುಗಳನ್ನು ತಯಾರಿಸಿ ಮಾರುವ ಪೇಪರ್ ಕಾರ್ಖಾನೆಗಳಿಗೆ ಬಾಗಿಲು ತೆರೆದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಕಾವಲುಗಾರನ ತರಬೇತಿಯ ಬಗ್ಗೆ ಮಾತನಾಡಿ ಏನು ಫಲ?

ಹಾಗಾದರೆ ರಿವ್ಯೂವನ್ನೇ ಬಿಟ್ಟುಬಿಡಬೇಕೇ ಎಂದರೆ ನನ್ನ ಉತ್ತರ ಇಲ್ಲ ಎಂದೇ. ನನ್ನ ಸ್ವಂತ ಪೇಪರುಗಳಲ್ಲಿ ಕನಿಷ್ಠ ಮೂರು, ಎಂದೂ ಮುಖ ನೋಡದ ರಿವ್ಯೂವರೊಬ್ಬರ ಹಟದಿಂದ ಮೊದಲಿಗಿಂತ ಎಷ್ಟೋ ಪ್ರಾಮಾಣಿಕವಾಗಿ ಹೊರಬಂದಿವೆ. ಅದರಲ್ಲೊಬ್ಬರು ನನ್ನ ತೀರ್ಮಾನದ ಒಂದು ಪ್ಯಾರಾವನ್ನು ಪೂರ್ತಿ ತೆಗೆಸಿದ್ದಕ್ಕೆ ಇಂದಿಗೂ ಋಣಿಯಾಗಿದ್ದೇನೆ. ನನ್ನ ತಕರಾರು ಇರುವುದು ಅದನ್ನು ಐಎಸ್ಐ ಮುದ್ರೆಯಂತೆ ನೋಡುವುದರ ಬಗ್ಗೆ, ಮತ್ತು ರಿವ್ಯೂವರನನ್ನು ಮೂಲವಿಲ್ಲದೆ ನಕಲಿನ ಮುಂದೆ ಕೂರಿಸುವುದರ ಬಗ್ಗೆ. ಮೂಲ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು ಖಿನ್ನತೆಯ ಔಷಧಿಗಳ ಬಗ್ಗೆ ಮಾಡಿದ ಕೆಲಸವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಅವರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ದಾಖಲಾಗಿದ್ದ 74 ಪ್ರಯೋಗಗಳನ್ನು ತೆಗೆದುಕೊಂಡು ಜರ್ನಲ್‌ಗಳಲ್ಲಿ ಬಂದದ್ದರೊಂದಿಗೆ ತಾಳೆ ನೋಡಿದರು. ಔಷಧಿ ಕೆಲಸ ಮಾಡಿತೆಂದು ಸಂಸ್ಥೆ ಒಪ್ಪಿದ 38 ಪ್ರಯೋಗಗಳಲ್ಲಿ 37 ಪ್ರಕಟವಾಗಿದ್ದವು. ಹಾಗೆ ಒಪ್ಪದ 36ರಲ್ಲಿ 22 ಎಲ್ಲಿಯೂ ಪ್ರಕಟವಾಗಿರಲಿಲ್ಲ, 11 ಗೆದ್ದಂತೆ ಬರೆದು ಪ್ರಕಟಿಸಲಾಗಿತ್ತು, ಇದ್ದದ್ದನ್ನು ಇದ್ದಂತೆ ಹೇಳಿದವು ಮೂರು. ಜರ್ನಲ್‌ಗಳನ್ನಷ್ಟೇ ಓದಿದ ವೈದ್ಯನಿಗೆ ಶೇ. 94 ಪ್ರಯೋಗಗಳು ಗೆದ್ದಂತೆ ಕಾಣುತ್ತವೆ. ನಿಜದಲ್ಲಿ ಗೆದ್ದವು ಶೇ. 51. ಮೇಜಿಗೆ ಬಾರದ ಪೇಪರನ್ನು ಯಾವ ರಿವ್ಯೂವರ್ ತಾನೇ ಓದಿಯಾನು?

ಪ್ರಯೋಗವನ್ನು ಶುರುಮಾಡುವ ಮೊದಲೇ ಸಾರ್ವಜನಿಕವಾಗಿ ನೋಂದಾಯಿಸಬೇಕೆಂಬ ನಿಯಮದಲ್ಲಿ ನನಗೆ ಹೆಚ್ಚಿನ ನಂಬಿಕೆ ಹುಟ್ಟಿದ್ದು ಈ ಕಾರಣಕ್ಕೆ. ನಮ್ಮ ದೇಶದ ನೋಂದಣಿಯಾದ ಸಿಟಿಆರ್‌ಐ 2007ರ ಜುಲೈ 20ರಂದು ಆರಂಭವಾಯಿತು, 2009ರ ಜೂನ್ 15ರಿಂದ ಕಡ್ಡಾಯವಾಯಿತು, 2018ರ ಏಪ್ರಿಲ್‌ನಿಂದ ಪ್ರಯೋಗ ಮುಗಿದ ಮೇಲೆ ಬಂದು ಹೆಸರು ಬರೆಸುವುದು ನಿಂತಿತು. ಈಗ ರಿವ್ಯೂಗೆ ಯಾವ ಪೇಪರ್ ಬಂದರೂ ನಾನು ಮೊದಲು ತೆರೆಯುವುದು ಅದನ್ನು. ಎಷ್ಟು ರೋಗಿಗಳನ್ನು ಸೇರಿಸುತ್ತೇವೆಂದು ಮೊದಲು ಹೇಳಿದ್ದರು, ಯಾವ ಫಲಿತಾಂಶವನ್ನು ಮುಖ್ಯವೆಂದಿದ್ದರು, ಆರು ವಾರಕ್ಕೋ ಆರು ತಿಂಗಳಿಗೋ ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಟೇಬಲ್‌ಗಳು, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು. ಪೀಠಿಕೆಯನ್ನು ಕೊನೆಗೆ ಓದುತ್ತೇನೆ, ಕೆಲವೊಮ್ಮೆ ಓದುವುದೇ ಇಲ್ಲ. ವ್ಯಾಕರಣವನ್ನು ಮುಟ್ಟುವುದಿಲ್ಲ. ವಿದ್ಯಾರ್ಥಿಗಳ ಥೀಸಿಸ್ಸಿಗೂ ಇದೇ ಕ್ರಮ: ಮೊದಲ ವರ್ಷ ಜಯನಗರದ ನಮ್ಮ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಸಿನಾಪ್ಸಿಸ್, ಅಂದರೆ ಅಧ್ಯಯನದ ಮುನ್ಯೋಜನೆ, ಎಡಗಡೆ, ಬೈಂಡ್ ಆಗಲಿರುವ ಪ್ರತಿ ಬಲಗಡೆ. ಎಡಗಡೆಯ ನೂರು ರೋಗಿಗಳು ಬಲಗಡೆ ಅರವತ್ತಾಗಿದ್ದರೆ ಅದರಲ್ಲಿ ತಪ್ಪಿಲ್ಲ, ಆದರೆ ನಲವತ್ತು ಮಂದಿ ಯಾಕೆ ಸಿಗಲಿಲ್ಲವೆಂದು ಒಂದು ಪ್ಯಾರಾ ಬರೆಯಬೇಕು. ಇದರಿಂದ ನನಗೆ ವಿಭಾಗದಲ್ಲಿ ಬಿದ್ದಿರುವ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ.

ಮಂಡಿನೋವಿನ ಪೇಪರಿನ ಬಗ್ಗೆ ನಾನು ಮತ್ತು ಆ ವಿದ್ಯಾರ್ಥಿನಿ ಸೇರಿ ಸಂಪಾದಕರಿಗೆ ಒಂದು ಪತ್ರ ಬರೆದೆವು. ಮೂವತ್ತು ಮತ್ತು ಅದಕ್ಕಿಂತ ಕೆಳಗಿನ ಛೇದಗಳನ್ನು ಒಂದೊಂದಾಗಿ ಹಾಕಿ ನೋಡಿದರೆ ಶೇ. 45.0 ಕೊಡುವುದು ಇಪ್ಪತ್ತು ಒಂದೇ, ಇಪ್ಪತ್ತರಲ್ಲಿ ಒಂಬತ್ತು, ಎಂದು ಅವಳು ಲೆಕ್ಕ ಹಾಕಿಟ್ಟಿದ್ದಳು. ಹಾಗಿದ್ದರೆ ವಾಡಿಕೆಯ ಚಿಕಿತ್ಸೆಯ ಗುಂಪಿನಿಂದ ಹತ್ತು ಮಂದಿ ಲೆಕ್ಕದಿಂದಲೇ ಮರೆಯಾಗಿರಬೇಕು. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಲೇಖಕರಿಗೆ ಕಳಿಸಿದ್ದೇವೆ ಎಂದು ಬಂತು. ಹನ್ನೊಂದನೆಯ ತಿಂಗಳಲ್ಲಿ, ಅವಳು ಪರೀಕ್ಷೆ ಮುಗಿಸಿ ಊರಿಗೆ ಹೋದ ಮೇಲೆ, ನಾಲ್ಕು ಸಾಲಿನ ತಿದ್ದುಪಡಿ ಪ್ರಕಟವಾಯಿತು: ಆರನೇ ವಾರದ ತಪಾಸಣೆಗೆ ಹತ್ತು ರೋಗಿಗಳು ಬಂದಿರಲಿಲ್ಲವೆಂದೂ, ಶೇಕಡಾವಾರು ಲೆಕ್ಕ ಉಳಿದ ಇಪ್ಪತ್ತು ಮಂದಿಯದೆಂದೂ, ತೀರ್ಮಾನದಲ್ಲಿ ಬದಲಾವಣೆಯಿಲ್ಲವೆಂದೂ ಅದರಲ್ಲಿತ್ತು.

ನಮ್ಮ ಒಪಿಡಿಗೂ ಕನಕಪುರ, ಮಾಗಡಿಗಳ ಕಡೆಯಿಂದ ಮಂಡಿನೋವಿನವರು ಬರುತ್ತಾರೆ. ಎರಡನೆಯ ಸಲ ಬಾರದವರಲ್ಲಿ ನೋವು ಇಳಿದು ಬರುವ ಅಗತ್ಯ ಕಾಣದವರಿರುತ್ತಾರೆ, ಒಂದು ದಿನದ ಕೂಲಿ ಕಳೆದುಕೊಳ್ಳಲಾರದವರಿರುತ್ತಾರೆ, ನೋವು ಜಾಸ್ತಿಯಾಗಿ ಬಸ್ಸು ಹತ್ತಲಾರದವರೂ ಇರುತ್ತಾರೆ. ಆ ಹತ್ತು ಮಂದಿಗೂ ನೋವು ಇಳಿದಿದ್ದರೆ ವಾಡಿಕೆಯ ಗುಂಪಿನಲ್ಲಿ ಗುಣ ಕಂಡವರು ಮೂವತ್ತರಲ್ಲಿ ಹತ್ತೊಂಬತ್ತು, ಶೇ. 63.3, ವ್ಯಾಯಾಮದ ಗುಂಪಿಗಿಂತ ಬರೀ ಹತ್ತು ಕಡಿಮೆ. ಯಾರಿಗೂ ಇಳಿಯದಿದ್ದರೆ ಶೇ. 30. ಎರಡರಲ್ಲಿ ಯಾವುದು ನಿಜವೆಂದು ತಿಳಿಯಬೇಕಾದರೆ ಅವರನ್ನು ಯಾರಾದರೂ ಒಮ್ಮೆ ಫೋನಿನಲ್ಲಿ ಕೇಳಬೇಕಿತ್ತು. ಕೇಳಿದ್ದರೇ ಎಂಬುದು ತಿದ್ದುಪಡಿಯಲ್ಲೂ ಇಲ್ಲ.